ಅರ್ಜಿಯಲ್ಲಿ ತೀರಿಕೊಂಡ ಅಪ್ಪ

ಬೆಳಿಗ್ಗೆ ಹನ್ನೊಂದೂಕಾಲಿಗೆ ಗೋಕಾಕದ ಕಚೇರಿ ಕಟ್ಟೆಯ ಮೇಲೆ ಒಂದು ಟೈಪ್‌ರೈಟರ್ ನನ್ನ ಅಪ್ಪನನ್ನು ಸಾಯಿಸಿತು. ಆ ಹೊತ್ತಿಗೆ ಅಪ್ಪ ಎದುರಿನ ಅಂಗಡಿಯಲ್ಲಿ ಬಸಿಗೆ ಸುರಿದ ಚಹಾವನ್ನು ಊದಿ ಆರಿಸಿಕೊಳ್ಳುತ್ತಿದ್ದರು.

ನಾನು ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಕೆಲಸ ಹುಡುಕುವುದರಲ್ಲಿ ಎಷ್ಟು ಪರಿಣತನಾಗಿದ್ದೆನೆಂದರೆ, ಓದುಗ ಮಹಾಶಯರೇ, ಹುಡುಕುವುದಕ್ಕೇ ಒಂದು ಹುದ್ದೆಯಿದ್ದಿದ್ದರೆ ಅನುಭವದ ಆಧಾರದ ಮೇಲೆ ಅದು ನನಗೇ ಸಲ್ಲಬೇಕಿತ್ತು. ಮೂಡಲಗಿಗೆ, ಘಟಪ್ರಭೆಗೆ ಕಳಿಸಿದ ಅರ್ಜಿಗಳಿಗೆ ಉತ್ತರವಿಲ್ಲದೆ, ನಾಗನೂರಿನ ನಮ್ಮ ಮನೆ ದಾಟುವಾಗ ಅಂಚೆಯವನೇ ನಾಚಿ ಮುಖ ತಿರುಗಿಸುತ್ತಿದ್ದ.

ಹುಕ್ಕೇರಿಯ ಶಾಲೆಯೊಂದಕ್ಕೆ ನಾನು ಬರೆದಿದ್ದ ಅರ್ಜಿಯನ್ನು ಓದಿ ಆ ಕಟ್ಟೆಯ ಟೈಪಿಸ್ಟ್ ಶಿವಪ್ಪಣ್ಣ ಕನಿಕರಪಟ್ಟ.

“ತಮ್ಮಾ, ಬಿ.ಎ. ಆದವ್ರು ಓಣಿಗೆ ನಾಕ್ ಮಂದಿ ಅದಾರ. ತಂದಿ ಇಲ್ಲದ ಬಿ.ಎ. ಅಂದ್ರ ಸಾಹೇಬ್ರ ಕಣ್ಣು ಒಂದ್ ಗಳಿಗಿ ನಿಲ್ತೈತಿ. ಹೊಡೀಲೇನು?”

ನಾನು ಬೇಡವೆನ್ನಲಿಲ್ಲ. ಇಂಗ್ಲಿಷ್ ಬಾರದ ಅಪ್ಪ ಬಂದು, ಆ ಹಾಳೆಯನ್ನು ಎರಡೂ ಕೈಗಳಲ್ಲಿ ಹಿಡಿದು, “ಅಕ್ಷರ ಭಾಳ ಚಂದ ಬಿದ್ದಾವಲೋ,” ಎಂದು ತಮ್ಮ ಮರಣವಾರ್ತೆಯನ್ನು ತಾವೇ ಮಡಚಿ ಲಕೋಟೆಗೆ ಹಾಕಿದರು.

ಸಂದರ್ಶನಕ್ಕೆ ಕರೆ ಬಂತು. ನಮ್ಮ ಕಡೆಯ ತಂದೆಯರಂತೆ ಅಪ್ಪನೂ ರೊಟ್ಟಿ ಗಂಟು ಹಿಡಿದು ಜೊತೆಗೆ ಹೊರಟರು. ಬಸ್ಸಿನುದ್ದಕ್ಕೂ ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

“ತಂದಿ ತೀರಿ ಎಷ್ಟ್ ದಿನ ಆತ್ರಿ?” ಮುಖ್ಯಾಧ್ಯಾಪಕರು ಗಟ್ಟಿಯಾಗಿಯೇ ಕೇಳಿದರು. ಬಾಗಿಲು ತೆರೆದಿತ್ತು. ನನ್ನ ಕಣ್ಣು ಹೊರಗಿನ ಬೆಂಚಿನತ್ತ ಹೋದದ್ದನ್ನು ಅವರು ಕಂಡರು. “ಅವ್ರು ಯಾರ್ರಿ ಮತ್ತ?”

ಅಪ್ಪ ಎದ್ದು ನಿಂತು ಕೈಮುಗಿದರು.

“ನಾ ಇವನ ಕಾಕಾರಿ. ನಮ್ಮಣ್ಣ ಹೋಗಿ ವರ್ಷಾತ್ರಿ.”

ಕೆಲಸ ಸಿಕ್ಕಿತು. ಮರಳುವಾಗ ಅಪ್ಪ ಆಡಿದ್ದು ಒಂದೇ ಮಾತು: “ನೌಕರಿ ಖರೆ ಐತಿಲ್ಲೋ? ಸಾಕು ಬಿಡು.” ಆದರೆ ಪಾಠದ ನಡುವೆಯೂ ನನಗೆ ಆ ಬಾಗಿಲು, ಆ ಬೆಂಚು, ಅಪ್ಪ ಒಂದು ಕ್ಷಣ ತಡೆದಿದ್ದರೆ ಎಂಬ ನಡುಕ. ಸಂತೆಯ ದಿನ ಅವರು ಬಂದಾಗ ಸಹೋದ್ಯೋಗಿಗಳು, “ಮಾಸ್ತರ, ನಿಮ್ಮ ಕಾಕಾ ಬಂದಾರ್ರಿ,” ಎನ್ನುತ್ತಿದ್ದರು. ಅಪ್ಪ ಎಷ್ಟು ಸಲೀಸಾಗಿ ತಲೆಯಾಡಿಸುತ್ತಿದ್ದರೆಂದರೆ, ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಆರನೆಯ ತಿಂಗಳ ಒಂದು ಮಂಗಳವಾರ ಮುಖ್ಯಾಧ್ಯಾಪಕರಿಗೆ ನಿಜ ಹೇಳಿದೆ.

“ಜೀವಂತ ಇದ್ದವ್ರನ್ನ ಎಬ್ಬಸಾಕ ಆರ್ ತಿಂಗಳ ಬೇಕಾತೇನ್ರಿ?” ಎಂದು ಅವರು ರಾಜೀನಾಮೆಗೆ ಹಾಳೆ ಕೊಟ್ಟರು.

ಮನೆಗೆ ಬಂದು, “ಅಪ್ಪಾ, ನೌಕರಿ ಹೋತು,” ಎಂದೆ. “ಮೊದಲ ಉಣ್ಣು,” ಎಂದರು.

ಆ ಮಂಗಳವಾರ ರಾತ್ರಿ ಮಲಗಿದವನು, ಆರು ತಿಂಗಳಲ್ಲಿ ಮೊದಲ ಸಲ, ಮುಖದ ಮೇಲೆ ಬಿಸಿಲು ಬಿದ್ದಾಗಲೇ ಎದ್ದದ್ದು. ಅಪ್ಪ ಮಾತ್ರ ಬೆಳಗಿನತನಕ ಕಣ್ಣು ಮುಚ್ಚಲಿಲ್ಲವೆಂದು ಅವ್ವ ಹೇಳಿದಳು.