ಗಿನಿಪಿಗ್ಗಿಗೊಂದು ಜೊತೆ

ಗಿನಿಪಿಗ್ ಸಿಳ್ಳೆ ಹಾಕುತ್ತದೆ ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಾನು ಕೇಳಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮಾವ ಫಳ್ನೀರಿನ ನಮ್ಮ ಮನೆಗೆ ಎರಡು ಹೆಣ್ಣು ಗಿನಿಪಿಗ್ಗುಗಳನ್ನು ತಂದುಕೊಟ್ಟಿದ್ದರು. ಮೊಲಕ್ಕಿಂತ ಚಿಕ್ಕವು, ಬಾಲವಿಲ್ಲದ ದುಂಡು ಪ್ರಾಣಿಗಳು. ಅಜ್ಜಿ ಹರಿವೆ ಸೊಪ್ಪಿನ ಕಟ್ಟು ಬಿಚ್ಚಿದ ಸದ್ದಿಗೇ ವೀಕ್ ವೀಕ್ ಎಂದು ಮನೆಯನ್ನೆಲ್ಲ ಎಬ್ಬಿಸುತ್ತಿದ್ದವು.

ಒಂದು ಸತ್ತಿತು. ಉಳಿದದ್ದು ಮೂಲೆ ಹಿಡಿಯಿತು. ಮೊದಲು ಸಿಳ್ಳೆ ನಿಂತಿತು, ಆಮೇಲೆ ತಿನ್ನುವುದೂ ನಿಂತಿತು. "ಒಂಟಿ ಬಿಟ್ರೆ ಇದೂ ಸಾಯ್ತದೆ" ಎಂದ ಮಾವ ಒಂದು ಗಂಡನ್ನು ತಂದರು.

ಅದನ್ನು ಎಲ್ಲಿ ಬಿಡಬೇಕೆಂಬುದು ಅಜ್ಜಿಗೆ ಪ್ರಶ್ನೆಯೇ ಅಲ್ಲ. ಅಳಿಯಸಂತಾನದ ಮನೆಯ ಹೆಂಗಸು. "ಮನೆ ಹೆಣ್ಣಿನದ್ದು. ಅವನೇ ಬರಲಿ" ಎಂದರು. ಪಕ್ಕದ ಬ್ಯಾರಿ ಮುಸ್ಲಿಮರ ಮನೆಯ ಅಮ್ಮ ಕಂಪೌಂಡಿನ ಮೇಲಿಂದ ಕತ್ತು ಚಾಚಿ, "ಮತ್ತೆಂತ? ನಮ್ಮಲ್ಲಿಯೂ ಮದುಮಗನೇ ಅಲ್ವ ಹುಡುಗಿಯ ಮನೆಗೆ ಬರುವುದು" ಎಂದು ಒಪ್ಪಿಗೆ ಕೊಟ್ಟರು. ಬಂದ ನೆಂಟನಿಗೆಂದು ಅಜ್ಜಿ ಹೆಣ್ಣಿನ ಪೆಟ್ಟಿಗೆಯೊಳಗೆ ಬೆಲ್ಲ ನೀರು ಬೇರೆ ಇಟ್ಟರು.

ನೆಂಟನಿಗೆ ಅದನ್ನು ಮೂಸುವಷ್ಟೂ ಪುರುಸೊತ್ತು ಸಿಗಲಿಲ್ಲ. ಹೆಣ್ಣು ಹಲ್ಲು ಕಟಕಟಿಸಿ ಮೇಲೆ ಹಾರಿ ಅವನ ಕಿವಿ ಹರಿಯಿತು. ಮಾವ ಹೇಗೋ ಬಿಡಿಸಿದರು.

"ಅವಳ ಜಾಗ ಅಲ್ವ, ಅದಕ್ಕೇ ಈ ಸೊಕ್ಕು" ಎಂದರು ಬ್ಯಾರಿ ಮನೆಯ ಅಮ್ಮ. "ಎರಡನ್ನೂ ನಮ್ಮಲ್ಲಿಗೆ ತನ್ನಿ. ಇಲ್ಲಿ ಇಬ್ಬರೂ ನೆಂಟರೇ."

ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಮದುವೆಗೂ ತೊಟ್ಟಿಲಿಗೂ ಗೇಟು ದಾಟಿದವರಲ್ಲ. ಆ ದಿನ ಹೆಣ್ಣನ್ನು ಸೆರಗಿನಲ್ಲಿ ಸುತ್ತಿಕೊಂಡು ಚಪ್ಪಲಿ ಹುಡುಕಿದರು. ಎಷ್ಟೋ ವರ್ಷದಿಂದ ಮೆಟ್ಟದ ಚಪ್ಪಲಿ ಎಲ್ಲಿ ಸಿಗಬೇಕು? ಬರಿಗಾಲಲ್ಲೇ ಹೊರಟರು. ಹಿಂದಿನಿಂದ ಬುಟ್ಟಿಯಲ್ಲಿ ಗಂಡನ್ನು ಹೊತ್ತುಕೊಂಡು ನಾನು.

ಆ ಮನೆಯ ಹಿಂದಿನ ಜಗಲಿಯಲ್ಲಿ ಎರಡನ್ನೂ ಬಿಟ್ಟೆವು. ಇಬ್ಬರು ಮುದುಕಿಯರು ಮಣೆ ಹಾಕಿಕೊಂಡು ಕಾವಲು ಕೂತರು. ಪ್ರಾಣಿಗಳು ಆ ಮೂಲೆಗೊಂದು ಈ ಮೂಲೆಗೊಂದು. ಚಾ ಬಂತು, ಮುಗಿಯಿತು, ಮತ್ತೆ ಬಂತು. ಇವರ ಮಾತು ಮುಗಿಯಲೊಲ್ಲದು. ಅಜ್ಜಿಗೆ ಅಷ್ಟು ಮಾತು ಉಂಟೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಗಂಡು ತೆವಳುತ್ತಾ ಬಂದು ಅವಳ ಗದ್ದದಡಿ ಮೂತಿ ತೂರಿಸಿತು. ಅವಳು ಸೆಟೆದಳು. ನಾನು ಕಣ್ಣು ಮುಚ್ಚಿದೆ. ಸದ್ದಿಲ್ಲ. ತೆರೆದು ನೋಡಿದರೆ, ತಾನೇ ಹರಿದ ಕಿವಿಯನ್ನು ಹೆಣ್ಣು ನೆಕ್ಕುತ್ತಿತ್ತು! ಕಚ್ಚಿದ್ದೂ ಅದೇ ಬಾಯಿ. ಇದನ್ನು ಅದಕ್ಕೆ ಯಾರು ಹೇಳಿಕೊಟ್ಟರು? ಆಮೇಲೆ ನಾಲ್ಕು ಊರು ಕಂಡಿದ್ದೇನೆ, ದೊಡ್ಡ ದೊಡ್ಡವರನ್ನು ಕಂಡಿದ್ದೇನೆ. ಅಂಥ ಬೆರಗು ಪುನಃ ಆಗಲಿಲ್ಲ. ಬ್ಯಾರಿ ಮನೆಯ ಅಮ್ಮ ಹರಿವೆಯ ಕಟ್ಟು ಬಿಚ್ಚಿದರು.

ವೀಕ್!

ಅಜ್ಜಿ ಕೈಮುಗಿದರು. ಯಾರಿಗೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸಂಜೆ ಮಾವ ಪೆಟ್ಟಿಗೆ ಹಿಡಿದು ಅವುಗಳನ್ನು ಕರೆದೊಯ್ಯಲು ಬಂದರು. "ಬೇಡ ಮಾರಾಯ, ಅಲ್ಲಿಗೆ ಹೋದ್ರೆ ಪುನಃ ಜಗಳ" ಎಂದರು ಅಜ್ಜಿ. "ಇಲ್ಲಿಯೇ ಇರಲಿ. ಸೊಪ್ಪು ನಾನು ದಿನಾ ತಂದು ಹಾಕ್ತೇನೆ."

ಬ್ಯಾರಿ ಮನೆಯ ಅಮ್ಮ ಚಾದ ಗ್ಲಾಸು ಎತ್ತಿಕೊಳ್ಳುತ್ತಾ ಹೇಳಿದರು: "ನಾಳೆ ಚಪ್ಪಲಿ ಹಾಕಿಕೊಂಡು ಬನ್ನಿ ಆಯ್ತಾ, ಗೇಟಿನ ಹತ್ರ ಮುಳ್ಳು ಉಂಟು."