ರೈಲುಕಂಬಿಗೆ ಕಾಯಿ ಒಡೆದವರು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮೂಗಿನ ಮೇಲಿದ್ದರೆ ಒರೆಸಿಕೊಳ್ಳಬಹುದಿತ್ತು; ನನ್ನದು ನಾಲಗೆಯ ಮೇಲಿದೆ. ವಿಜಾಪುರದ ಬಿಸಿಲಲ್ಲಿ ಬೆಳೆದವನು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಜೂನಿಯರ್ ಇಂಜಿನಿಯರ್. ಕಟ್ಟಡ ಕಟ್ಟುವುದೆಂದರೆ ಬೈದು ಕೆಲಸ ತೆಗೆಯುವುದು ಎಂದೇ ನನ್ನ ಹಿರಿಯರು ನನಗೆ ಕಲಿಸಿದ್ದರು. ದನಿ ಎಷ್ಟು ದೊಡ್ಡದೋ ಇಂಜಿನಿಯರ್ ಅಷ್ಟು ದೊಡ್ಡವನು. ಆ ಲೆಕ್ಕದಲ್ಲಿ ನಾನು ಬಹಳ ದೊಡ್ಡ ಇಂಜಿನಿಯರ್ ಆಗಿದ್ದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ ನನಗೆ ನಾಸಿಕಕ್ಕೆ ವರ್ಗವಾಯಿತು. ನೌಕರರ ವಸತಿಗೃಹಗಳ ಕೆಲಸ. ನಾನು ಹೋಗುವ ಮೊದಲೇ ಅಲ್ಲಿ ಒಂದು ಅನಾಹುತ ನಡೆದಿತ್ತು. ಕಾಂಕ್ರೀಟ್ ಹಾಕುತ್ತಿದ್ದಾಗಲೇ ಸ್ಲ್ಯಾಬಿನ ಒಂದು ಮೂಲೆ ಕೆಳಗೆ ಕೂತುಬಿಟ್ಟಿತ್ತು. ಕೆಳಗೆ ಆಧಾರದ ಕಂಬಗಳನ್ನು ನೋಡಿಕೊಳ್ಳುತ್ತ ನಿಂತಿದ್ದವನ ಒಂದು ಕಾಲು ಹೋಗಿತ್ತು. ಹಳೆಯ ಗುತ್ತಿಗೆದಾರನನ್ನು ತೆಗೆದುಹಾಕಿದ್ದರು. ಕೆಲಸ ನಿಂತಿತ್ತು. ಆ ಮುರಿದ ಮೂಲೆಯಲ್ಲಿ ತುಕ್ಕು ಹಿಡಿದ ಸರಳುಗಳು ಹೊರಗೆ ಚಾಚಿಕೊಂಡಿದ್ದವು, ಕೂಲಿಯವರು ಅದನ್ನು ತಪ್ಪಿಸಿ ಸುತ್ತು ಹಾಕಿ ಓಡಾಡುತ್ತಿದ್ದರು.

ಕಾಲು ಕಳೆದುಕೊಂಡವನ ತಮ್ಮನೇ ನಮ್ಮ ಸೆಂಟ್ರಿಂಗ್ ಮಿಸ್ತ್ರಿ. ಸ್ಲ್ಯಾಬು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ತಗಡು, ಹಲಗೆ, ಕಂಬಗಳ ಕೆಲಸ ಅವನದು. ಔರಂಗಾಬಾದ್ ಕಡೆಯ ಗಂಗಾಪುರದವನು, ಅಂಥ ಕೈ ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಹೊಸ ಗುತ್ತಿಗೆದಾರ ಬಂದ ಮೇಲೆ ಅವನು ಒಂದೇ ಮಾತು ಹೇಳಿದ್ದ: ಕಂಬ ನಿಲ್ಲಿಸಿ ಕೊಡುತ್ತೇನೆ, ಕಾಂಕ್ರೀಟ್ ಬೀಳುವಾಗ ಕೆಳಗೆ ನಿಲ್ಲುವುದಿಲ್ಲ. ಅವನು ನಿಲ್ಲದಿದ್ದರೆ ಬೇರೆ ಯಾರೂ ನಿಲ್ಲುತ್ತಿರಲಿಲ್ಲ. ಕೆಳಗೆ ಕಾವಲಿಲ್ಲದೆ ಸ್ಲ್ಯಾಬು ಹಾಕುವುದು ಕಣ್ಣು ಕಟ್ಟಿಕೊಂಡು ಬಾವಿ ದಾಟಿದಂತೆ. ಅಲ್ಲಿಗೆ ನಮ್ಮ ಗಾಡಿ ನಿಂತಿತು.

ನಾನು ಬೈದೆ. ಹಿಂದಿಯಲ್ಲಿ ಬೈದೆ, ಬರುವಷ್ಟು ಮರಾಠಿಯಲ್ಲಿ ಬೈದೆ, ಸಾಲದ್ದಕ್ಕೆ ಕನ್ನಡದಲ್ಲೂ ಬೈದೆ. ಅವನು "ಹೋ ಸಾಹೇಬ್" ಎಂದು ತಲೆಯಾಡಿಸಿ ಬೀಡಿ ಹಚ್ಚಿದ. ಆ ಊರಿನ "ಹೋ" ಎಂದರೆ ಹೌದು. ಆದರೆ ಸಾಹೇಬರ ಮುಂದೆ ಆಡುವ "ಹೋ"ಗೆ ಹೌದು ಎಂಬ ಅರ್ಥವೇನೂ ಇಲ್ಲ, ನೀವು ಆಚೆ ಹೋದರೆ ಸಾಕು ಎಂಬ ಪ್ರಾರ್ಥನೆ ಅಷ್ಟೇ.

ಆ ಹೊತ್ತಿಗೆ ನಮಗೆ ಹೊಸ ಮೇಲಧಿಕಾರಿ ಬಂದರು. ಗದಗಿನ ಹೆಣ್ಣುಮಗಳು. ಕುಳ್ಳಗೆ, ನೂಲಿನ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು, ತುರುಬಿನ ಮೇಲೆ ಕೂರಲೊಲ್ಲದ ಹೆಲ್ಮೆಟ್ಟು. ದನಿ ನನ್ನ ದನಿಯ ಕಾಲು ಪಾಲೂ ಇರಲಿಲ್ಲ. ಮುಗಿದ ಕತೆ, ಈ ಪಿಸುಮಾತಿಗೆ ಮಿಕ್ಸರ್ ತಿರುಗುತ್ತದೆಯೇ ಎಂದುಕೊಂಡೆ.

ಮೊದಲ ದಿನವೇ ಅವರು ಎಲ್ಲ ತಂಡಗಳ ಮುಖ್ಯಸ್ಥರನ್ನು ಬೇವಿನ ಮರದ ಕೆಳಗೆ ಕರೆದರು. ಇವತ್ತು ನಿನ್ನ ಕೆಲಸವೇನು ಎಂದು ಯಾರನ್ನೂ ಕೇಳಲಿಲ್ಲ. ಸರಳು ಕಟ್ಟುವ ಬಂಗಾಲಿಯನ್ನು ನಿಲ್ಲಿಸಿ, ಇವತ್ತು ನಳದವನ ಕೆಲಸ ಏನು ಹೇಳು ಎಂದರು. ಅವನು ಕಕ್ಕಾಬಿಕ್ಕಿ. ನಳದವನಿಗೆ ವೈರಿಂಗಿನವನ ಕೆಲಸ ಗೊತ್ತಿರಲಿಲ್ಲ. ಕಾಂಕ್ರೀಟ್ ಹೊರುವ ನಮ್ಮ ಕಲಬುರ್ಗಿ ಕಡೆಯ ಹೆಣ್ಣುಮಕ್ಕಳ ತಂಡದ ಮುಕಾದಮಳು ಸೆರಗು ಬಾಯಿಗೆ ಹಿಡಿದು, "ನನ್ನ ಕೆಲಸಾನ ನನಗ ನೆಟ್ಟಗ ಗೊತ್ತಿಲ್ರೀ ಯವ್ವಾ, ಮಂದೀದು ಎಲ್ಲಿಂದ ಹೇಳ್ಲಿ?" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು, ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು.

ಮರುದಿನವೂ ಅದೇ ಪ್ರಶ್ನೆ, ಅದರ ಮರುದಿನವೂ. ಸಂತೆಯಲ್ಲಿ ಶಾಲೆ ತೆರೆದಂತಾಯಿತಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಆದರೆ ವಾರ ಕಳೆಯುವುದರೊಳಗೆ ಬಂಗಾಲಿ ತಾನೇ ನಳದವನ ಬಳಿ ಹೋಗಿ, ನಿನ್ನ ಪೈಪು ಎಲ್ಲಿ ಬರುತ್ತದೆ ತೋರಿಸು, ಅಲ್ಲಿ ಜಾಗ ಬಿಟ್ಟು ಸರಳು ಕಟ್ಟುತ್ತೇನೆ ಎನ್ನುತ್ತಿದ್ದ. ಅಲ್ಲಿಯವರೆಗೆ ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಕತ್ತರಿಸುವುದು, ಅದಕ್ಕೆ ಜಗಳ, ಜಗಳ ಬಿಡಿಸಲು ನನ್ನ ಗಂಟಲು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದದ್ದನ್ನು ಕಣ್ಣಾರೆ ಕಂಡೆ. ಮೇಡಂ ಮಾತಾಡುವಾಗ ಅಷ್ಟು ಜನ ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದರು, ದನಿ ಅಷ್ಟು ಸಣ್ಣದಿತ್ತಲ್ಲ!

ಮಿಸ್ತ್ರಿಯ ಹಟ ಮಾತ್ರ ಹಾಗೇ ಇತ್ತು. ಕಂಬ ನಿಲ್ಲಿಸಿ ಮುಗಿಸಿದ್ದ, ಸರಳು ಕಟ್ಟಿ ಮುಗಿದಿತ್ತು. "ಮೇಡಂ, ಬೇರೆ ಮಿಸ್ತ್ರೀನ ತರೋಣ್ರೀ, ಇಂವಂದು ಅತಿ ಆತು" ಎಂದೆ. "ಕಾಲು ಕಳಕೊಂಡಾಂವ ಅವನ ಅಣ್ಣರೀ. ಅಂವ ಅಂಜೂದು ಅತಿ ಅಲ್ಲ" ಎಂದು ಅವರು ನನ್ನನ್ನೂ ಕರೆದುಕೊಂಡು ತಗಡಿನ ಚಹಾದ ಶೆಡ್ಡಿಗೆ ನಡೆದರು. ಅಲ್ಲಿ ಚಹಾ ಕುದಿಸುತ್ತಿದ್ದವನು ಆ ಅಣ್ಣನೇ. ಕಂಕುಳಲ್ಲಿ ಊರುಗೋಲು. ಅವನಿಗೆ ಆ ಕೆಲಸ ಹಚ್ಚಿಕೊಟ್ಟವರು ಮೇಡಂ ಎಂಬುದು ನನಗೆ ಗೊತ್ತಾದದ್ದೇ ಆಗ. ಮಿಸ್ತ್ರಿ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮೇಡಂ ಕಲ್ಲಿನ ಮೇಲೆ ಕೂತು ಅಣ್ಣನನ್ನು ಮರಾಠಿಯಲ್ಲಿ ಕೇಳಿದರು: ಅವತ್ತು ಕೆಳಗೆ ನೀನು ಏನು ನೋಡಿದೆ?

ಅಷ್ಟು ದಿನ ಅದನ್ನು ಯಾರೂ ಕೇಳಿರಲಿಲ್ಲ. ಕಂಬ ಎಷ್ಟು ದಪ್ಪ, ಸಿಮೆಂಟು ಎಂಥದು, ತಪ್ಪು ಯಾರದು ಎಂದೆಲ್ಲ ವಿಚಾರಣೆ ನಡೆದಿತ್ತು, ಅಷ್ಟೇ. ಅಣ್ಣ ಚಹಾ ಸೋಸುವುದು ಬಿಟ್ಟು ಹೇಳಿದ. ಕಂಬವೊಂದು ಜರುಗಿದ್ದು ಕಂಡು ಅವನು ಕೂಗಿದ್ದ. ಮೇಲಿನ ಫೋರ್‌ಮನ್ನಿಗೆ ಕೂಗು ಕೇಳಿಸಿಯೂ ಇತ್ತು. ಆದರೆ ಬೆಳಿಗ್ಗೆ ಪೂಜೆ ಮಾಡಿ, ಮೊದಲ ಬುಟ್ಟಿ ಕಾಂಕ್ರೀಟಿನ ಮೇಲೆ ಕಾಯಿ ಒಡೆದಾಗಿತ್ತು. "ಕಾಯಿ ಒಡೆದಾಗಿದೆ, ಇನ್ನು ನಿಲ್ಲಿಸಬಾರದು" ಎಂದನಂತೆ ಫೋರ್‌ಮನ್. ಕಾಯಿ ಒಡೆದು ಶುರು ಮಾಡಿದ ಸ್ಲ್ಯಾಬನ್ನು ನಡುವೆ ನಿಲ್ಲಿಸಿದರೆ ಅಪಶಕುನ. ಆ ಕಡೆ ಎಲ್ಲರೂ ನಂಬುವ ಮಾತು. ನಾವೇನು ಕಡಿಮೆಯೇ, ನಮ್ಮ ಊರಲ್ಲೂ ನಂಬುತ್ತಾರೆ. ಅಣ್ಣ ತಾನೇ ಹೇಳಿದ, "ನಾನು ಮೇಲಿದ್ದಿದ್ದರೂ ನಿಲ್ಲಿಸುತ್ತಿರಲಿಲ್ಲವೇನೋ."

ನನ್ನ ನಾಲಗೆ ತುರಿಸಿತು. ಮೂಢನಂಬಿಕೆ ಕುರಿತು ದೊಡ್ಡ ಭಾಷಣವೊಂದು ಗಂಟಲ ತನಕ ಬಂದಿತ್ತು. ಅಷ್ಟರಲ್ಲಿ ಮೇಡಂ ಚಹಾ ಕುಡಿದು ಎದ್ದರು.

ಸ್ಲ್ಯಾಬ್ ಹಾಕುವ ದಿನ ಬೆಳಿಗ್ಗೆ ನಾನು ಹೋಗಿ ನೋಡುತ್ತೇನೆ, ಮೇಲೆ ಪೂಜೆಯ ಸುದ್ದಿಯೇ ಇಲ್ಲ! ಕೆಳಗೆ, ಕಂಬಗಳ ಕಾಡಿನ ಬಾಯಲ್ಲಿ, ಒಂದು ರೈಲುಕಂಬಿಯ ತುಂಡು ತೂಗುಹಾಕಿದ್ದಾರೆ. ನಮ್ಮ ಶಾಲೆಗಳಲ್ಲಿ ಗಂಟೆ ಬಾರಿಸುತ್ತಿದ್ದರಲ್ಲ, ಅಂಥದು. ಅದಕ್ಕೆ ಅರಿಷಿಣ, ಕುಂಕುಮ, ಚೆಂಡುಹೂವಿನ ಮಾಲೆ. ಮೇಡಂ ಕಾಯನ್ನು ಗುತ್ತಿಗೆದಾರನಿಗೂ ಕೊಡಲಿಲ್ಲ, ತಾವೂ ಒಡೆಯಲಿಲ್ಲ. ಊರುಗೋಲು ಊರಿಕೊಂಡು ಬಂದ ಅಣ್ಣನ ಕೈಗೆ ಕೊಟ್ಟರು. ಅವನು ರೈಲುಕಂಬಿಯ ಕೆಳಗಿನ ಕಲ್ಲಿಗೆ ಕಾಯಿ ಒಡೆದ.

ಆಮೇಲೆ ಮೇಡಂ ಮೆಲ್ಲಗೆ, ಎಲ್ಲರಿಗೂ ಹೇಳಿದರು: ಇವತ್ತಿನ ಕಾಯಿ ಈ ಗಂಟೆಗೆ. ಇದು ಬಾರಿಸಿದರೆ ಕೆಳಗಿನವರು ಮೊದಲು ಹೊರಗೆ, ಮೇಲಿನವರ ಕೈ ಅಲ್ಲಲ್ಲೇ ನಿಲ್ಲಬೇಕು. ಯಾರು ಬೇಕಾದರೂ ಬಾರಿಸಬಹುದು. ಇದು ಬಾರಿಸಿದಾಗ ನಿಲ್ಲಿಸದಿದ್ದರೆ ಅದು ಅಪಶಕುನ.

ಎಲಾ ಇವರ! ನನಗೆ ಮೈ ಜುಮ್ಮೆಂದಿತು. ಜನರ ನಂಬಿಕೆಗೆ ಕೈ ಹಚ್ಚಲಿಲ್ಲ, ಯಾರನ್ನೂ ದಡ್ಡರೆನ್ನಲಿಲ್ಲ. ಕಾಯಿ ಒಡೆಯುವ ಜಾಗ ಒಂದನ್ನು ಬದಲಿಸಿದರು, ಅಷ್ಟೇ. ಅಡ್ಡ ನಿಂತಿದ್ದ ಶಕುನವೇ ಕಾವಲಿಗೆ ನಿಂತಿತು. ಮಿಸ್ತ್ರಿ ರೈಲುಕಂಬಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಸುತ್ತಿಗೆ ಎತ್ತಿಕೊಂಡು, ಯಾರೂ ಹೇಳದೆ, ಸ್ಲ್ಯಾಬಿನ ಕೆಳಗೆ ಹೋದ.

ಕೆಲಸ ಹೊಳೆಯಂತೆ ಹರಿಯಿತು. ಬುಟ್ಟಿ ಕೈಯಿಂದ ಕೈಗೆ, ಮಿಕ್ಸರಿನ ಗುಡುಗು, ಕಲಬುರ್ಗಿ ಹೆಣ್ಣುಮಕ್ಕಳ ಹಾಡು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಠಣ್ ಠಣ್ ಠಣ್!

ಎಲ್ಲರ ಕೈಗಳೂ ನಿಂತವು. ಮಿಸ್ತ್ರಿ ಹೊರಗೆ ಬಂದು ನಿಂತಿದ್ದ, ಮುಖ ಸುಣ್ಣ ಬಳಿದ ಗೋಡೆ. ಚಟ್ ಎಂಬ ಸದ್ದು ಕೇಳಿಸಿತು ಎಂದ. ಮೇಡಂ ಸೀರೆ ಎತ್ತಿ ಕಟ್ಟಿ ಅವನ ಜೊತೆಗೆ ಕೆಳಗೆ ಹೋದರು. ನಾನೂ ಹೋದೆ. ಒಂದೊಂದೇ ಕಂಬವನ್ನು ಸುತ್ತಿಗೆಯಿಂದ ತಟ್ಟಿ ನೋಡಿದೆವು. ಎಲ್ಲ ಗಟ್ಟಿ. ಭಾರ ಬಿದ್ದಾಗ ತಗಡುಗಳು ಹಾಗೆ ಚಟಗುಟ್ಟುತ್ತವೆ, ಅದು ಮಿಸ್ತ್ರಿಗೂ ಗೊತ್ತು. ಅಂಜಿದ ಜೀವಕ್ಕೆ ಗೊತ್ತಿರಬೇಕಲ್ಲ!

ಮೇಲೆ ಗುತ್ತಿಗೆದಾರ ಕುಣಿಯುತ್ತಿದ್ದ. ಹಾಕಿದ ಕಾಂಕ್ರೀಟು ಒಣಗುತ್ತದೆ, ಹೊಸದು ಹಳೆಯದಕ್ಕೆ ಅಂಟುವುದಿಲ್ಲ, ಒಬ್ಬ ಪುಕ್ಕಲನಿಗಾಗಿ ಇಷ್ಟು ಜನ ನಿಲ್ಲಬೇಕೇ? ನಾನೂ ಬಾಯಿ ತೆರೆದಿದ್ದೆ. ಮೇಡಂ ನನ್ನ ಕಡೆ ನೋಡಿದರು, ಅಷ್ಟೇ ನೋಡಿ, ನನ್ನ ಬಾಯಿ ತಾನಾಗಿ ಮುಚ್ಚಿತು. ಅಂಚಿಗೆ ಒದ್ದೆ ಗೋಣಿ ಹಾಸಲು ಹೇಳಿದರು. ಆಮೇಲೆ ಮಿಸ್ತ್ರಿಯನ್ನು ಎಲ್ಲರೂ ಕಾಣುವ ಹಾಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು, "ಕೆಳಗಿನ ಮಾತು ಮೇಲಿನ ತನಕ ಬರುತ್ತದೆ ಅಂತ ಇವತ್ತು ಗೊತ್ತಾಯಿತು. ಗಂಟೆ ಬಾರಿಸಿದವನಿಗೆ ಮೊದಲ ಚಹಾ" ಎಂದರು.

ಅಣ್ಣ ಕಿಟ್ಲಿ ಹಿಡಿದು ಕುಂಟುತ್ತ ಬಂದ. ಮೊದಲ ಗ್ಲಾಸು ತಮ್ಮನಿಗೆ ಕೊಟ್ಟ. ಮೇಡಂಗೆ ಎರಡನೆಯದು. ಸುಳ್ಳು ಗಂಟೆ ಬಾರಿಸಿದವನಿಗೆ ಬೈಗುಳದ ಬದಲು ಮರ್ಯಾದೆ ಸಿಕ್ಕಿದ್ದನ್ನು ನಾನು ಜೀವಮಾನದಲ್ಲಿ ಮೊದಲ ಬಾರಿ ನೋಡುತ್ತಿದ್ದೆ. ಮಿಸ್ತ್ರಿ ಗುಟುಕರಿಸಿ, ಗ್ಲಾಸು ಇಟ್ಟು, ಮತ್ತೆ ಕೆಳಗೆ ಹೋದ. ಸಂಜೆಯ ಹೊತ್ತಿಗೆ ಸ್ಲ್ಯಾಬು ಮುಗಿಯಿತು. ರೂಢಿಯಂತೆ ಎಲ್ಲರಿಗೂ ಪೂರಿ, ಬಟಾಟೆ ಭಾಜಿ, ಜಿಲೇಬಿ. ಗುತ್ತಿಗೆದಾರನೂ ಜಿಲೇಬಿ ತಿಂದು ತಣ್ಣಗಾದ.

ಆ ಮನೆಗಳು ಮುಗಿದವು. ಮೇಡಂ ಕೆಲವು ವರ್ಷಗಳ ಮೇಲೆ ನಿವೃತ್ತರಾಗಿ ಗದಗಿಗೆ ಹೋದರು. ಹೋಗುವಾಗ ನಾನು ಬೇರೇನೂ ಕೇಳಲಿಲ್ಲ, ಆ ರೈಲುಕಂಬಿಯ ತುಂಡು ಕೇಳಿದೆ. "ಒಯ್ರಿ. ಬರೇ ಕಬ್ಬಿಣ ಒಯ್ಯಬ್ಯಾಡ್ರಿ ಮತ್ತ" ಎಂದು ನಕ್ಕರು.

ಮುಂದೆ ನನಗೆ ಔರಂಗಾಬಾದಿಗೆ ವರ್ಗವಾಯಿತು. ಈಗ ಛತ್ರಪತಿ ಸಂಭಾಜಿನಗರ, ಆಗಿನ್ನೂ ಹಳೆಯ ಹೆಸರೇ. ಬಿಡಕಿನ್ ಕಡೆಗೆ ಒಂದು ಗೋದಾಮಿನ ಕೆಲಸ, ನಾನೇ ಮುಖ್ಯಸ್ಥ. ತನ್ನೂರಿಗೆ ಹತ್ತಿರವೆಂದು ಮಿಸ್ತ್ರಿ ಹುಡುಕಿಕೊಂಡು ಬಂದ. ಮೀಸೆ ಬೆಳ್ಳಗಾಗಿತ್ತು. ರೈಲುಕಂಬಿ ಕಂಡೊಡನೆ ಹಳೆಯ ನೆಂಟನನ್ನು ಕಂಡವನಂತೆ ಸವರಿದ. ಬೆಳಗಿನ ಸಭೆ ಇಲ್ಲೂ ಇತ್ತು, ಕಾಯಿ ಇಲ್ಲೂ ಗಂಟೆಗೇ.

ಸ್ಲ್ಯಾಬಿನ ದಿನ ಬಿಸಿಲು ನೆತ್ತಿಗೆ ಬಂದಿತ್ತು. ಮುಗಿಯಲು ಇನ್ನೊಂದು ಪಟ್ಟಿಯಷ್ಟು ಕಾಂಕ್ರೀಟು ಮಾತ್ರ ಬಾಕಿ. ಆಗ ಬಾರಿಸಿತು ಗಂಟೆ. ನನಗೆ ಬಂದ ಸಿಟ್ಟು ಏನು ಹೇಳಲಿ! ಮತ್ತೆ ತಗಡು ಚಟಗುಟ್ಟಿರಬೇಕು, ಈ ಮುದುಕನ ಅಂಜಿಕೆ ಇನ್ನೂ ಹೋಗಿಲ್ಲ ಎಂದು ನಾಲಗೆಯ ತುದಿಗೆ ಬಂದಿತ್ತು. ಆ ಸಣ್ಣ ದನಿಯ ಹೆಂಗಸು ಐನೂರು ಕಿಲೋಮೀಟರು ಆಚೆಯಿಂದಲೂ ನನ್ನ ಕಡೆ ನೋಡಿದಂತಾಯಿತು. ಮಾತು ನುಂಗಿಕೊಂಡು, "ಕೈ ನಿಲ್ಲಿಸ್ರಿ, ಎಲ್ಲರೂ ಏಣಿ ಕಡೆ ಸರಿರಿ" ಎಂದು ಕೂಗಿ ಕೆಳಗೆ ಓಡಿದೆ.

ಮಿಸ್ತ್ರಿ ತನ್ನ ಜೊತೆಗಿದ್ದ ಇಬ್ಬರನ್ನು ಹೊರಗೆ ಅಟ್ಟಿ ಕೊನೆಗೆ ತಾನು ಬಂದಿದ್ದ. ಬೆರಳು ತೋರಿಸಿದ. ಹಿಂದಿನ ಗೋಡೆಯಾಚೆ ನೀರಿನ ಪೈಪು ಒಡೆದಿತ್ತು, ನೀರು ಒಳಗೆ ಹರಿದು ಕರಿಮಣ್ಣು ಅಂಬಲಿಯಾಗಿತ್ತು. ಮೂಲೆಯ ಕಂಬಗಳು ಅದರಲ್ಲಿ ಮೆಲ್ಲಗೆ ಇಳಿಯುತ್ತಿದ್ದವು. ನಾವು ನೋಡುತ್ತಿದ್ದಂತೆಯೇ ಒಂದು ಓರೆಯಾಯಿತು, ಅದರ ಹಿಂದೆ ಇನ್ನೊಂದು. ಧಡಲ್ಲನೆ ಆ ಮೂಲೆಯಷ್ಟೂ ಕೆಳಗೆ ಬಂತು, ಹಸಿ ಕಾಂಕ್ರೀಟು, ತಗಡು, ಸರಳು ಎಲ್ಲ. ದೂಳು ಕೂಡ ಏಳಲಿಲ್ಲ, ಅಷ್ಟು ಒದ್ದೆ. ಮಿಸ್ತ್ರಿ ನಿಂತು ಕಾಯುತ್ತಿದ್ದ ಜಾಗ ಅದೇ.

ಯಾರಿಗೂ ಏನೂ ಆಗಲಿಲ್ಲ. ಯಾರಿಗೂ! ನಾನು ಮಣ್ಣಲ್ಲೇ ಕೂತು ಗದಗಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಮೇಡಂ ಮೊದಲು ಕೇಳಿದ್ದು ಇದು:

"ಬೈದ್ರೇನ್ರೀ ಅವಂಗ?"

"ಇಲ್ರೀ ಮೇಡಂ."

"ಮೊದಲನೇ ಚಹಾ ಯಾರಿಗೆ ಕೊಟ್ರಿ?"

"ಅವಂಗ ಕೊಟ್ಟೇವ್ರೀ. ಕುಡಿಯಾಕ ಆಗವಲ್ದು ಅವಂಗ. ಕೈ ನಡಗಿ ಎಲ್ಲಾ ಚೆಲ್ಲಾಕತ್ತೈತಿ."

"ಹಂಗಾದ್ರ ಫೋನ್ ಇಡ್ರಿ," ಎಂದರು ಮೇಡಂ, "ಗ್ಲಾಸು ಹಿಡದು ಕುಡಸ್ರಿ."

ಫೋನು ಕಿಸೆಗೆ ಹಾಕಿಕೊಂಡು ಎದ್ದೆ. ಮಿಸ್ತ್ರಿಯ ಪಕ್ಕದಲ್ಲಿ ಕೂತು, ಗ್ಲಾಸು ಅವನ ತುಟಿಗೆ ಹಿಡಿದೆ.