ಲಾಹ್ಯ ಕೇಳಿ ತಂದ ಕತ್ತಲು

ವಿಂಡ್‌ಹುಕ್ ಪಟ್ಟಣದ ಕಟುತುರ ಎಂಬ ಬಡವರ ಬಡಾವಣೆಯಲ್ಲಿ ಲಾಹ್ಯ ನಂಗೊಂಬೆ ಎಂಬ ಹೆಂಗಸನ್ನು ಜನ ಗುರುತಿಸುತ್ತಿದ್ದದ್ದು ಮುಖಕ್ಕಿಂತ ಹೆಚ್ಚಾಗಿ ಚೀಲದಿಂದ. ಅದರೊಳಗೆ ಒಂದು ಇಸ್ತ್ರಿಪೆಟ್ಟಿಗೆ. ತಂತಿ ಸುಟ್ಟು ಯಾವ ಬಟ್ಟೆಗೂ ಬಾರದ್ದು, ಆದರೆ ಯಾರ ತಲೆಗಾದರೂ ಬಿದ್ದರೆ ಅವನ ಕಥೆ ಮುಗಿದಂತೆಯೇ.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವಳು ಪಟ್ಟಣದ ಆಚೆ ಬದಿಯ ದೊಡ್ಡ ಮನೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿದವಳು. ಬೆಳಿಗ್ಗೆ ಟ್ಯಾಕ್ಸಿ ಅವಳ ಬೀದಿಗೇ ಬರುತ್ತಿತ್ತು. ಸಂಜೆ ಮಾತ್ರ ಒಣಹೊಳೆಯ ಆಚೆ ದಡದಲ್ಲೇ ಇಳಿಸಿಬಿಡುತ್ತಿತ್ತು; ಅಲ್ಲಿಂದ ಹೊಳೆಯ ಮರಳು ದಾಟಿ ಮನೆಗೆ ನಡೆಯಬೇಕು. ಕೆಲಸ ಬಿಡುವುದು ಐದಕ್ಕೆ. ಅಲ್ಲಿ ಏಪ್ರಿಲ್‌ಗೆ ಚಳಿಗಾಲ ಹತ್ತಿರವಾಗುತ್ತದೆ; ಆ ತಿಂಗಳ ಮೊದಲ ಭಾನುವಾರ ಸರ್ಕಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿತೆಂದರೆ, ಚಳಿಗಾಲವಿಡೀ ಸೂರ್ಯನೂ ಅವಳ ಜೊತೆಗೇ ಕೆಲಸ ಬಿಟ್ಟು ಹೊರಡುತ್ತಿದ್ದ. ಹೀಗೊಂದು ಸಂಜೆ ಹೊಳೆಯಲ್ಲಿ ಕಳ್ಳರು ಚಾಕು ತೋರಿಸಿ ಅವಳ ಫೋನನ್ನೂ ಚರ್ಚಿಗೆ ಹಾಕುವ ಬೂಟನ್ನೂ ಕಿತ್ತುಕೊಂಡರು. ಬರಿಗಾಲಲ್ಲಿ ಮನೆ ಸೇರಿದವಳು ಅತ್ತದ್ದು ಬೂಟಿಗಲ್ಲ, ನಾಳೆ ಸಂಜೆಯೂ ಅದೇ ದಾರಿಯಲ್ಲಿ ಬರಬೇಕಲ್ಲ ಎಂದು. ಮರುದಿನ ಇಸ್ತ್ರಿಪೆಟ್ಟಿಗೆ ಚೀಲ ಸೇರಿತು.

ಹಾಗಾಗಿ ಈ ಚಳಿಗಾಲದ ಗಡಿಯಾರ ಬೇಕೋ ಬೇಡವೋ ಎಂದು ಸರ್ಕಾರ ಜನರನ್ನೇ ಕೇಳಲು ಹೊರಟಾಗ, ಸಭೆಗೆ ಎಲ್ಲರಿಗಿಂತ ಮೊದಲು ಹೋಗಿ ಕೂತವಳು ಲಾಹ್ಯ. ಪಕ್ಕದಲ್ಲಿ ಒಂಬತ್ತು ವರ್ಷದ ಮೊಮ್ಮಗಳು ಕೈನೊ. ತಾಯಿ ದೂರದ ಕರಾವಳಿಯ ಮೀನಿನ ಕಾರ್ಖಾನೆಯಲ್ಲಿದ್ದುದರಿಂದ ಹುಡುಗಿಗೆ ಕುಕು, ಅಂದರೆ ಅಜ್ಜಿಯೇ, ಎಲ್ಲ.

ಪಕ್ಕದ ಮನೆಯ ಫೆಸ್ತುಸ್, ಆಯಸ್ಸೆಲ್ಲ ರಾತ್ರಿ ಕಾವಲು ಮಾಡಿದ ಮುದುಕ, ಮೊದಲು ಎದ್ದ. "ಗಡಿಯಾರ ಮುಟ್ಟದೆ ಬಿಟ್ರೆ ಜೂನ್‌ನಲ್ಲಿ ಸೂರ್ಯ ಹುಟ್ಟೋದೇ ಏಳೂವರೆಗೆ. ಶಾಲೆ ಏಳಕ್ಕೆ. ಮಕ್ಕಳು ಆ ಹೊಳೆನ ಕತ್ತಲಲ್ಲಿ ದಾಟ್ಬೇಕಾ?"

ಲಾಹ್ಯ ತಡೆಯಲಾರದೆ ಎದ್ದಳು. ಹಿರಿಯನೆಂದು 'ತಾತೆ' ಎನ್ನುವುದನ್ನು ಮಾತ್ರ ಬಿಡಲಿಲ್ಲ. "ತಾತೆ ಫೆಸ್ತುಸ್, ಜೀವಮಾನ ಪೂರ್ತಿ ಕಳ್ಳರನ್ನ ಕಾದೋರು ನೀವು, ಇಷ್ಟೂ ಗೊತ್ತಿಲ್ವಾ? ರಾತ್ರಿಯೆಲ್ಲ ಕುಡಿದೋನು ಬೆಳಿಗ್ಗೆ ಏಳ್ತಾನಾ? ಬೆಳಗಿನ ಕತ್ತಲಿಗೆ ಹಲ್ಲಿಲ್ಲ. ನಮಗೆ ಸಂಜೆ ಬೆಳಕು ಕೊಡ್ಲಿ!"

ಭವನ ಚಪ್ಪಾಳೆಯಿಂದ ತುಂಬಿತು. ಕೈನೊ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಲಾಹ್ಯ ಅದನ್ನು ಕಂಡಳು, ಕಂಡೂ ಕಾಣದಂತಿದ್ದಳು.

ಮುಂದಿನ ಚಳಿಗಾಲ ಗಡಿಯಾರವನ್ನು ಯಾರೂ ಮುಟ್ಟಲಿಲ್ಲ. ಲಾಹ್ಯ ಬಿಸಿಲಲ್ಲಿ ಮನೆಗೆ ಬಂದಳು. ಹೊಳೆಯ ನಡುವೆ ನಿಂತು ಗೆಳತಿಯರ ಜೊತೆ ಹರಟಿದಳು, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಇಸ್ತ್ರಿಪೆಟ್ಟಿಗೆಯ ಚೀಲ ಬಾಗಿಲ ಹಿಂದಿನ ಮೊಳೆಗೆ ಹೋಯಿತು.

ಜೂನ್‌ನಲ್ಲಿ ಶಾಲೆಯಿಂದ ಚೀಟಿ ಬಂತು: ಕೈನೊ ದಿನಾ ತಡವಾಗಿ ಬರುತ್ತಿದ್ದಾಳೆ.

"ಮನೆ ಬಿಡೋದು ಸರಿಯಾದ ಹೊತ್ತಿಗೇ ಅಲ್ವೇನೇ? ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೂ ಇಲ್ಲ ಕುಕು. ದಡದಲ್ಲಿ ನಿಂತಿರ್ತೀನಿ. ಬೆಳಕಾದ್ಮೇಲೆ ದಾಟ್ತೀನಿ."

"ಹೆದರಿಕೆ ಆಗತ್ತೆ ಅಂತ ನನಗ್ಯಾಕೆ ಹೇಳ್ಲಿಲ್ಲ?"

"ಬೆಳಗಿನ ಕತ್ತಲಿಗೆ ಹಲ್ಲಿಲ್ಲ ಅಂತ ನೀನೇ ಅಂದ್ಯಲ್ಲ."

ಆ ರಾತ್ರಿ ಲಾಹ್ಯಳಿಗೆ ತಾನು ಬರಿಗಾಲಲ್ಲಿ ಅತ್ತ ಸಂಜೆ ನೆನಪಾಯಿತು. ಇಷ್ಟು ದಿನ ಈ ಮಗು ಅದೇ ಭಯವನ್ನು ಬಾಯಿ ಬಿಡದೆ ನುಂಗಿದೆ.

ಬೆಳಿಗ್ಗೆ ಆರೂವರೆಗೆ ಅವಳು ಮೊಳೆಯಿಂದ ಚೀಲ ಇಳಿಸಿ ಕೈನೊಳ ಜೊತೆ ಹೊರಟಳು. ದಡದಲ್ಲಿ ಬೆಳಕಿಗಾಗಿ ಕಾಯುತ್ತ ಇನ್ನೂ ಏಳು ಮಕ್ಕಳು ನಡುಗುತ್ತಿದ್ದವು. ಅವುಗಳಲ್ಲಿ ಎರಡು ಫೆಸ್ತುಸ್‌ನ ಮೊಮ್ಮಕ್ಕಳು. ಮಂಡಿನೋವಿನ ಮುದುಕ ಮರಳಿಗೆ ಇಳಿಯಲಾರದೆ ಕೋಲೂರಿ ನಿಂತಿದ್ದ.

"ಏನಮ್ಮ ಮೇಮೆ, ಕಳ್ಳರೆಲ್ಲ ಮಲಗಿರ್ತಾರೆ ಅಂದ್ರಿ. ಮತ್ತೆ ಆ ಪೆಟ್ಟಿಗೆ ಯಾಕೆ?"

ಬೇರೆ ದಿನವಾಗಿದ್ದರೆ ಅವಳು ಮುದುಕನ ನೀರಿಳಿಸುತ್ತಿದ್ದಳು.

"ಸಂಜೆ ಕತ್ತಲು ಸರ್ಕಾರ ಕೊಟ್ಟಿದ್ದು, ತಾತೆ. ಈ ಬೆಳಗಿನ ಕತ್ತಲು ನಾನು ಸಭೇಲಿ ಎದ್ದು ನಿಂತು ಕೇಳಿ ತಂದದ್ದು. ಮಕ್ಕಳ ತಲೆ ಮೇಲೆ ಹೊರಿಸಿ ಸುಮ್ನಿರ್ಲಾ?"

ಫೆಸ್ತುಸ್ ತನ್ನ ಮೊಮ್ಮಕ್ಕಳನ್ನು ಅವಳತ್ತ ನೂಕಿದ. ಚೀಲದ ಒಂದು ಹಿಡಿಯನ್ನು ಕೈನೊ ಹಿಡಿದಳು, ಇನ್ನೊಂದನ್ನು ಅಜ್ಜಿ. ಆ ಚಳಿಗಾಲ ಮುಗಿಯುವವರೆಗೆ ಅವಳು ದಿನಾ ಹೀಗೇ ಹೊಳೆ ದಾಟಿಸಿದಳು; ಎಂಟು ಮಕ್ಕಳಲ್ಲಿ ಒಬ್ಬರೂ ಶಾಲೆಗೆ ತಡವಾಗಿ ಹೋಗಲಿಲ್ಲ.